‘ಸೀಜನ್ ಮುಗೀಲಿ’ ಅಂದರೆ ಸ್ಟೇರಿಂಗು ಕಾಯುತ್ತದೆಯೇ?

ಕೋಲಾರದ ಎಪಿಎಂಸಿ ಯಾರ್ಡಿನ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಜಿಲ್ಲೆಯ ಪಿಕಪ್ಪುಗಳ ಆರೋಗ್ಯ ಏನೆಂಬುದು ಗೊತ್ತಾಗಿಬಿಡುತ್ತದೆ. ಟೊಮೇಟೊ ಕ್ರೇಟು ಹೊತ್ತ ಗಾಡಿ ಬರುತ್ತದೆ. ಹಿಂದುಗಡೆ ನೆಲಕ್ಕೆ ಕುಂತಿದೆ, ಮುಂದುಗಡೆ ಮೂತಿ ಎತ್ತಿದೆ. ಹಂಪು ಹತ್ತಿ ಇಳಿಯುವಾಗ ಕೆಳಗಿನಿಂದ ‘ಟಕ್ ಟಕ್’ ಎಂದು ಸದ್ದು. ರಸ್ತೆ ನೆಟ್ಟಗಿದ್ದರೂ ಡ್ರೈವರ್ ಮಾತ್ರ ಸ್ಟೇರಿಂಗನ್ನು ಎಡಕ್ಕಷ್ಟು ಬಲಕ್ಕಷ್ಟು ತಿರುಗಿಸುತ್ತಲೇ ಇರುತ್ತಾನೆ. ಅವನು ತಿರುಗಿಸಿದ್ದು ಚಕ್ರಕ್ಕೆ ತಲುಪುವಷ್ಟರಲ್ಲಿ ಗಾಡಿ ನಾಲ್ಕು ಮಾರು ಮುಂದೆ ಹೋಗಿರುತ್ತದೆ.

ಇದು ಡ್ರೈವರನಿಗೆ ಗೊತ್ತಿಲ್ಲವೇ? ಗೊತ್ತು. ಮಾಲೀಕನಿಗೆ? ಅವನಿಗೂ ಗೊತ್ತು. ಗ್ಯಾರೇಜಿನವನು ಹೇಳಿಯೇ ಇರುತ್ತಾನೆ: “ಅಣ್ಣಾ, ಟೈ ರಾಡ್ ಎಂಡ್ ಹೋಗಿದೆ, ಬುಷ್ಷು ಇಲ್ಲವೇ ಇಲ್ಲ. ಬಿಚ್ಚಲಾ?” ಉತ್ತರವೂ ಸಿದ್ಧವಾಗಿರುತ್ತದೆ: “ಈಗ ಬೇಡಪ್ಪ, ಸೀಜನ್ ಮುಗೀಲಿ. ಏನೋ ಒಂದು ಬಿಗಿ ಮಾಡಿ ಕಳಿಸು.”

ಈ ಸೀಜನ್ ಮುಗಿಯುವುದು ಯಾವಾಗ? ಟೊಮೇಟೊ ಆಯಿತು ಎನ್ನುವಾಗ ಶ್ರೀನಿವಾಸಪುರದ ಮಾವು. ಮಾವು ಮುಗಿದರೆ ಹಬ್ಬದ ಬಾಡಿಗೆ. ಹಬ್ಬ ಮುಗಿದರೆ ಮದುವೆ ಸಾಮಾನು, ಶಾಮಿಯಾನ, ಸಿಮೆಂಟು, ಹುಲ್ಲು. ಕೋಲಾರ ಜಿಲ್ಲೆಯಲ್ಲಿ ಪಿಕಪ್ಪಿಗೆ ಸೀಜನ್ ಎನ್ನುವುದು ಮುಗಿಯುವ ವಸ್ತುವೇ ಅಲ್ಲ. ಮುಗಿಯುವುದು ಗಾಡಿಯ ಕೀಲು. ಕೆಲವು ಸಲ ಅದರ ಜೊತೆಗೆ ಎದುರಿಗೆ ಬಂದವನ ಆಯುಸ್ಸು.

ಪಿಕಪ್ಪು ಬೇಡ ಎಂದು ಯಾರೂ ಹೇಳುವುದಿಲ್ಲ. 2005ರಲ್ಲಿ ‘ಛೋಟಾ ಹಾಥಿ’ ರಸ್ತೆಗಿಳಿದಾಗಿನಿಂದ ಸಣ್ಣ ಅಂಗಡಿಯವನ ಬದುಕೇ ಬದಲಾಯಿತು. ಲಾರಿ ನುಗ್ಗದ ಗಲ್ಲಿಗೆ ಅದು ನುಗ್ಗಿತು. ಹತ್ತು ಮೂಟೆ ಬೇಕೆಂದವನು ಲಾರಿ ಲೋಡಿಗೆ ಕಾಯುವುದು ತಪ್ಪಿತು. ಸಾಲ ಮಾಡಿ ಒಂದು ಗಾಡಿ ಕೊಂಡ ಹುಡುಗ ಯಾರ ಕೈ ಕೆಳಗೂ ನಿಲ್ಲದೆ ಸಂಸಾರ ನಡೆಸಿದ. ಇಷ್ಟು ಉಪಕಾರ ಮಾಡುವ ಗಾಡಿಗೆ ನಾಲ್ಕು ಬುಷ್ಷು, ಎರಡು ಜಾಯಿಂಟು ಹಾಕಿಸಲು ಈ ಊರು ಹಿಂದೆಮುಂದೆ ನೋಡುತ್ತದೆ ಎಂಬುದೇ ಇಲ್ಲಿನ ವಿಷಯ.

ಕೆಳಗೆ ಏನಿದೆ?

ಅಂಗಡಿ ಬಾಗಿಲಿಗೆ ಕೀಲು ಇರುವ ಹಾಗೆ ಗಾಡಿಯ ಮುಂದಿನ ಚಕ್ರಕ್ಕೂ ಕೀಲುಗಳಿವೆ. ಡ್ರೈವರ್ ಸ್ಟೇರಿಂಗ್ ತಿರುಗಿಸಿದರೆ ಅದು ಸ್ಟೇರಿಂಗ್ ಬಾಕ್ಸಿಗೋ ರ‍್ಯಾಕಿಗೋ ಹೋಗಿ, ಅಲ್ಲಿಂದ ಸರಳುಗಳ ಮೂಲಕ ಚಕ್ರಕ್ಕೆ ತಲುಪುತ್ತದೆ. ಆ ಸರಳಿನ ತುದಿಯಲ್ಲಿರುವುದೇ ಟೈ ರಾಡ್ ಎಂಡು. ಮನುಷ್ಯನ ಸೊಂಟದ ಕೀಲಿನ ಹಾಗೆ ಒಂದು ಬಟ್ಟಲು, ಅದರೊಳಗೆ ಒಂದು ಗುಂಡು, ನಡುವೆ ಗ್ರೀಸು, ಮೇಲೆ ರಬ್ಬರಿನ ಟೋಪಿ.

ಮೊದಲು ಹೋಗುವುದು ಈ ಟೋಪಿ. ಬಿಸಿಲಿಗೋ ಕಲ್ಲಿಗೋ ಒಂದು ಸೀಳು ಬಿಡುತ್ತದೆ. ಆ ಸೀಳಿನಿಂದ ಗ್ರೀಸು ಹೊರಗೆ, ನೀರು ಮತ್ತು ಕೆಂಪು ಧೂಳು ಒಳಗೆ. ಧೂಳೆಂದರೆ ಮರಳು ಕಾಗದ ಇದ್ದ ಹಾಗೆ, ಗುಂಡನ್ನು ದಿನಾ ಉಜ್ಜುತ್ತದೆ. ಗುಂಡು ಸವೆದು ಬಟ್ಟಲಲ್ಲಿ ಅಲ್ಲಾಡಲು ಶುರುವಾಗುತ್ತದೆ. ಗ್ಯಾರೇಜಿನವರು ‘ಪ್ಲೇ ಬಂದಿದೆ’ ಎನ್ನುವುದು ಇದಕ್ಕೇ. ಹಾಗೇ ಬಿಟ್ಟರೆ ಒಂದು ದಿನ ಗುಂಡು ಬಟ್ಟಲಿನಿಂದ ಕಿತ್ತು ಬರುತ್ತದೆ. ಆಮೇಲೆ ಒಂದು ಚಕ್ರ ಡ್ರೈವರನ ಮಾತು ಕೇಳುತ್ತದೆ, ಇನ್ನೊಂದು ತನ್ನ ದಾರಿ ತಾನು ಹಿಡಿಯುತ್ತದೆ.

ಇನ್ನು ಹೊರೆ ಹೊರುವ ಕಡೆ. ಸ್ಪ್ರಿಂಗ್ ಪ್ಲೇಟುಗಳನ್ನು ಚಾಸಿಗೆ ಹಿಡಿದಿರುವುದು ಶ್ಯಾಕಲ್ ಪಿನ್ನು ಮತ್ತು ಬುಷ್ಷು. ಬುಷ್ಷು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ತಗುಲಿ ‘ಟಕ್ ಟಕ್’ ಎನ್ನುತ್ತದೆ. ಪ್ಲೇಟುಗಳನ್ನೆಲ್ಲ ಸೇರಿಸಿ ಹಿಡಿದಿರುವ ಸೆಂಟರ್ ಬೋಲ್ಟು ತುಂಡಾದರೆ ಆಕ್ಸಲು ಜರುಗಿ ಗಾಡಿ ಏಡಿಯ ಹಾಗೆ ಓರೆಯಾಗಿ ನಡೆಯುತ್ತದೆ. ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿದರೆ ಗುಂಡಿಗೆ ಬಿದ್ದ ಚಕ್ರ ಚೆಂಡಿನ ಹಾಗೆ ಪುಟಿಯುತ್ತದೆ. ಪುಟಿದ ಚಕ್ರ ಗಾಳಿಯಲ್ಲಿರುವಾಗ ಬ್ರೇಕು ಹಿಡಿದೇನು, ಸ್ಟೇರಿಂಗ್ ತಿರುಗಿಸಿದೇನು? ಎರಡೂ ಒಂದೇ.

ಇವು ಯಾವುವೂ ರಾತ್ರೋರಾತ್ರಿ ಆಗುವುದಿಲ್ಲ. ತಿಂಗಳುಗಟ್ಟಲೆ ಸದ್ದು ಮಾಡಿ, ಕೈ ನಡುಗಿಸಿ, ಟೈರು ತಿಂದು, ಗಾಡಿ ಹೇಳುತ್ತಲೇ ಇರುತ್ತದೆ. ಕೇಳೋರು ಬೇಕು.

ಗಡಿಯಾರದ ಲೆಕ್ಕ

ಸ್ಟೇರಿಂಗು ಎಷ್ಟು ಆಡಬಹುದು ಎಂಬುದಕ್ಕೆ ಕಾನೂನೇ ಅಳತೆ ಕೊಟ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಪ್ಲೇ ಇರಕೂಡದು. ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಟೋಪಿ ಇರಬೇಕು. ಬೋಲ್ಟು, ಪಿನ್ನುಗಳು ತಾವಾಗಿ ಬಿಚ್ಚಿಕೊಳ್ಳದಂತೆ ಲಾಕ್ ಆಗಿರಬೇಕು.

30 ಡಿಗ್ರಿ ಎಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ಲಾಕ್ ಟವರಿನ ಗಡಿಯಾರದ ಮುಖ ನೆನಪಿಸಿಕೊಂಡರೆ ಸಾಕು. ಮುಳ್ಳು 12ರಿಂದ 1ಕ್ಕೆ ಬಂದರೆ 30 ಡಿಗ್ರಿ. ಸಾಮಾನ್ಯ ಪಿಕಪ್ಪಿನ ಸ್ಟೇರಿಂಗ್ ಅಂಚಿನಲ್ಲಿ ಅಳೆದರೆ ಸುಮಾರು 10 ಸೆಂಟಿಮೀಟರು. ಅಷ್ಟು ದೂರ ತಿರುಗಿಸಿದರೂ ಮುಂದಿನ ಚಕ್ರ ಮಿಸುಕಲಿಲ್ಲ ಎಂದರೆ ಆ ಗಾಡಿಗೆ ರಸ್ತೆಯ ಮೇಲೆ ಹಕ್ಕಿಲ್ಲ. ಇದು ಕೊನೆಯ ಗಡಿ, ಅಷ್ಟಾಗುವವರೆಗೂ ಓಡಿಸಿ ಎಂಬ ಅಪ್ಪಣೆಯಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಗಾಡಿಯ ಸ್ಟೇರಿಂಗು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ನೋಡುವುದಕ್ಕೆ ಐದು ನಿಮಿಷ ಸಾಕು. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರಲಿ, ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಒಬ್ಬ ಒಳಗೆ ಕೂತು ಸ್ಟೇರಿಂಗನ್ನು ಮೆಲ್ಲಗೆ ಅತ್ತಿತ್ತ ಆಡಿಸಲಿ, ಇನ್ನೊಬ್ಬ ಬಗ್ಗಿ ಚಕ್ರ ನೋಡಲಿ. ಆಮೇಲೆ ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಕ್ಕೆ ಅಡ್ಡಕಟ್ಟೆ ಕೊಟ್ಟು ಮುಂಭಾಗ ಎತ್ತಬೇಕು. ಟೈರನ್ನು 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಡಿದರೆ ವೀಲ್ ಬೇರಿಂಗು, ಕಿಂಗ್ ಪಿನ್ನು ಅಥವಾ ಬಾಲ್ ಜಾಯಿಂಟಿನ ಮೇಲೆ ಅನುಮಾನ. 3 ಮತ್ತು 9ರ ಜಾಗದಲ್ಲಿ ಹಿಡಿದಾಗ ಆಡಿದರೆ ಟೈ ರಾಡ್ ಎಂಡಿನ ಮೇಲೆ ಅನುಮಾನ. ಎತ್ತಿದ ಗಾಡಿಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ಬರೀ ಜಾಕಿನ ಮೇಲೆ ಬಿಟ್ಟು, ಇಟ್ಟಿಗೆ ಪೇರಿಸಿ ಕೆಳಗೆ ನುಗ್ಗುವ ಹುಡುಗರಿಗೆ ಯಾರಾದರೂ ಬುದ್ಧಿ ಹೇಳಬೇಕು. ಭಾರ ಬಿದ್ದ ಇಟ್ಟಿಗೆ ಹೇಳಿ ಕೇಳಿ ಒಡೆಯುವುದಿಲ್ಲ.

‘ಏನೋ ಒಂದು ಬಿಗಿ ಮಾಡು’

ರಿಪೇರಿ ಎಂದರೆ ಏನು ಎಂಬುದರಲ್ಲೇ ಈ ಊರಿನಲ್ಲಿ ಗೊಂದಲವಿದೆ. ಸವೆದ ಬಾಲ್ ಜಾಯಿಂಟಿನ ತಲೆಗೆ ಸುತ್ತಿಗೆಯಲ್ಲಿ ನಾಲ್ಕು ಏಟು ಕೊಟ್ಟರೆ ಒಂದು ವಾರ ಬಿಗಿಯಾದ ಹಾಗೆ ಕಾಣುತ್ತದೆ. ಅದು ರಿಪೇರಿಯಲ್ಲ, ಮೋಸ. ಬಾಗಿದ ಸ್ಟೇರಿಂಗ್ ಸರಳನ್ನು ಕಾಯಿಸಿ ನೆಟ್ಟಗೆ ಮಾಡುವುದು, ಬಿರುಕು ಬಿಟ್ಟದ್ದಕ್ಕೆ ವೆಲ್ಡಿಂಗ್ ಹಾಕುವುದು ಇನ್ನೂ ದೊಡ್ಡ ಮೋಸ. ಕಾಯಿಸಿದ ಉಕ್ಕು ಮೊದಲಿನ ಗಟ್ಟಿತನ ಉಳಿಸಿಕೊಳ್ಳುವುದಿಲ್ಲ. ಸ್ಟೇರಿಂಗ್ ಸಾಮಾನಿಗೆ ತೇಪೆ ಇಲ್ಲ. ಸವೆದರೆ ಬದಲಾಯಿಸಬೇಕು, ಅಷ್ಟೇ.

ಬದಲಾಯಿಸುವುದಕ್ಕೂ ಕ್ರಮವಿದೆ. ಟೈ ರಾಡ್ ಎಂಡನ್ನು ಎರಡೂ ಕಡೆ ಜೊತೆಯಾಗಿ ಹಾಕುವುದು ಒಳ್ಳೆಯದು. ಒಂದೇ ರಸ್ತೆಯಲ್ಲಿ ಒಂದೇ ಹೊರೆ ಹೊತ್ತು ಒಂದು ಸವೆದಿದೆ ಎಂದರೆ ಇನ್ನೊಂದು ಎಷ್ಟು ದಿನ ಬಾಳೀತು? ನಟ್ಟು ಬಿಗಿ ಮಾಡಿದ ಮೇಲೆ ಹೊಸ ಸ್ಪ್ಲಿಟ್ ಪಿನ್ನೇ ಹಾಕಬೇಕು. ಹಳೇ ಪಿನ್ನು ನೆಟ್ಟಗೆ ಮಾಡಿ ತೂರಿಸುವುದು, ಪಿನ್ನಿನ ಬದಲು ಬೈಂಡಿಂಗ್ ತಂತಿ ಸುತ್ತುವುದು ಬೇಡ. ಆ ಚೂರು ತಂತಿಯ ಬೆಲೆ ಒಂದು ಟೀಗಿಂತ ಕಡಿಮೆ, ಅದು ಹಿಡಿದಿರುವುದು ಮಾತ್ರ ಇಡೀ ಗಾಡಿಯನ್ನು. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಚಕ್ರ ನೆಲಕ್ಕೂರಿ ಗಾಡಿಯ ಭಾರ ಬಿದ್ದ ಮೇಲೆಯೇ ಕಡೆಯ ಸುತ್ತು ಬಿಗಿಯಬೇಕು. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಪ್ಲೇಟು ಬಿಚ್ಚಿ ಹಾಕಿದ್ದರೆ ಯು-ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಸಬೇಕು.

ಕಡೆಯದು ಅಲೈನ್‌ಮೆಂಟು. “ಹಳೇದು ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತು ಹಾಕಿದೀನಣ್ಣ, ಕರೆಕ್ಟಾಗದೆ” ಎನ್ನುವ ಮೆಕ್ಯಾನಿಕ್ಕು ಸುಳ್ಳು ಹೇಳುತ್ತಿಲ್ಲ. ಗಾಡಿಯನ್ನು ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸಲು ಅದು ಸಾಕು. ಅಲ್ಲಿಂದಾಚೆಗೆ ಸಾಲದು. ಅಲೈನ್‌ಮೆಂಟ್ ತಪ್ಪಿದ ಗಾಡಿ ಹೊಸ ಟೈರನ್ನು ಒಂದು ಪಕ್ಕದಿಂದ ತಿನ್ನುತ್ತಾ ಬರುತ್ತದೆ. ಒಂದು ಜೊತೆ ಟೈ ರಾಡ್ ಎಂಡಿಗೆ ಹಿಂದೆಮುಂದೆ ನೋಡಿ, ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾದ ಒಂದು ಜೊತೆ ಟೈರು ಕಳೆದುಕೊಳ್ಳುವುದು ಯಾವ ಸೀಮೆ ಉಳಿತಾಯ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದ ಕಥೆ.

ಬಿಡಿಭಾಗ ದುಬಾರಿ ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬಿಲ್ಲು ಕೇಳಿ ತೆಗೆದುಕೊಂಡವನಿಗೆ ಈ ಲಾಭ ಕಣ್ಣಿಗೆ ಕಾಣುತ್ತದೆ. ಬಿಲ್ಲಿಲ್ಲದೆ, ಹೆಸರಿಲ್ಲದ ಡಬ್ಬದಲ್ಲಿ ಬಂದ ಡೂಪ್ಲಿಕೇಟ್ ಸಾಮಾನು ಹಾಕಿಸಿಕೊಂಡವನು ಮುಂದೆ ಯಾರನ್ನು ಕೇಳಬೇಕು? ಇಷ್ಟೆಲ್ಲ ‘ದುಬಾರಿ’ ಎನ್ನುವ ಗಾಡಿಯಲ್ಲೇ ಬಣ್ಣದ ಎಲ್ಇಡಿ ಸಾಲು, ಕಿವಿ ಹರಿಯುವ ಹಾರನ್ನು, ಗಾಜಿನ ತುಂಬ ಸ್ಟಿಕ್ಕರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಕ್ರೇಟಿನ ಗಣಿತ

ಇಲ್ಲಿಯವರೆಗೆ ಓದಿ ‘ಡ್ರೈವರುಗಳಿಗೆ ಸರಿಯಾಗಿ ಹೇಳಿದರು’ ಎಂದು ತಲೆದೂಗಿದ ವ್ಯಾಪಾರಿ ಮಹಾಶಯರು ಈಗ ಸ್ವಲ್ಪ ತಮ್ಮ ಕಡೆಗೂ ತಿರುಗಬೇಕು. ಕೀಲು ತಾನಾಗಿ ಸವೆಯುವುದಕ್ಕಿಂತ ಸವೆಸಿದ್ದೇ ಹೆಚ್ಚು.

ಕೋಲಾರ ಮಾರುಕಟ್ಟೆಯಲ್ಲಿ ಟೊಮೇಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. ಗಾಡಿಯ ಆರ್.ಸಿ.ಯಲ್ಲಿ ಹೊರೆ ಸೇರಿದ ತೂಕ, ಖಾಲಿ ತೂಕ ಎರಡನ್ನೂ ಬರೆದಿರುತ್ತಾರೆ. ಒಂದರಲ್ಲಿ ಒಂದು ಕಳೆದರೆ ಗಾಡಿ ಹೊರಬಹುದಾದದ್ದು ಸಿಗುತ್ತದೆ. 750 ಕಿಲೋ ಹೊರುವ ಗಾಡಿ ಎಂದುಕೊಂಡರೆ 50 ಬಾಕ್ಸಿಗೆ ಲೆಕ್ಕ ಮುಗಿಯಿತು. ಕ್ರೇಟಿನ ತೂಕ, ಪಕ್ಕದಲ್ಲಿ ಕೂತವರ ತೂಕ ಇನ್ನೂ ಸೇರಿಲ್ಲ. ಅದೇ ಗಾಡಿಗೆ 90 ಬಾಕ್ಸು ಪೇರಿಸಿದರೆ ಬರೀ ಹಣ್ಣೇ 1,350 ಕಿಲೋ. ಒಂದು ಟ್ರಿಪ್ಪಿನ ಬಾಡಿಗೆ ಉಳಿಯಿತು ಎಂದು ವ್ಯಾಪಾರಿಗೆ ಸಂತೋಷ. ಆ ಬಾಡಿಗೆಯನ್ನು ಗಾಡಿಯ ಬುಷ್ಷು, ಪ್ಲೇಟು, ಬೇರಿಂಗು ಕಟ್ಟುತ್ತವೆ.

ಇದಕ್ಕೆ ಮಾಲೀಕರು ಕಂಡುಕೊಂಡ ಉಪಾಯ ‘ಎಕ್ಸ್‌ಟ್ರಾ ಪ್ಲೇಟು’. ಹಿಂದುಗಡೆ ಎರಡು ಪ್ಲೇಟು ಹೆಚ್ಚಿಗೆ ಹಾಕಿಸಿದರೆ ಗಾಡಿ ಕೂರುವುದಿಲ್ಲ, ನಿಜ. ಕೂರದ ಗಾಡಿ ನೋಡಿ ಇನ್ನೂ ಹತ್ತು ಬಾಕ್ಸು ಏರುತ್ತವೆ. ಪ್ಲೇಟು ಹೆಚ್ಚಾಯಿತು, ಸರಿ. ಬ್ರೇಕು ಹೆಚ್ಚಾಯಿತೇ? ಆಕ್ಸಲು ದಪ್ಪವಾಯಿತೇ? ಚಾಸಿ ಗಟ್ಟಿಯಾಯಿತೇ? ಹಿಂದೆ ಭಾರ ಬಿದ್ದಷ್ಟೂ ಮುಂದೆ ಮೂತಿ ಏಳುತ್ತದೆ, ಮುಂದಿನ ಚಕ್ರಕ್ಕೆ ನೆಲದ ಹಿಡಿತ ಕಮ್ಮಿಯಾಗುತ್ತದೆ. ಮೊದಲೇ ಆಡುವ ಸ್ಟೇರಿಂಗು, ಈಗ ನೆಲವನ್ನೇ ಸರಿಯಾಗಿ ಒತ್ತದ ಚಕ್ರ. ಆ ಲೋಡಿನ ಮೇಲೆ ನಾಲ್ಕು ಜನ ಕೂಲಿಯವರು ಕೂತಿದ್ದರೆ ದೇವರೇ ಗತಿ.

ಕಾನೂನು ಇಲ್ಲಿ ಡ್ರೈವರನೊಬ್ಬನನ್ನೇ ಹಿಡಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೆಚ್ಚು ಹೊರೆಗೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಿನ ಮಾಲು ಇಳಿಸದೆ ಗಾಡಿ ಮುಂದೆ ಹೋಗುವ ಹಾಗಿಲ್ಲ. ಓಡಿಸಿದವನು ಮಾತ್ರವಲ್ಲ, ಓಡಿಸಲು ಕಾರಣನಾದವನೂ, ಬಿಟ್ಟವನೂ ಈ ಕಲಮಿನೊಳಗೆ ಬರುತ್ತಾರೆ.

190ನೇ ಕಲಮು ಇನ್ನೂ ಚುರುಕು. ದೋಷವಿರುವ ಗಾಡಿಯನ್ನು ರಸ್ತೆಗೆ ತಂದರೆ 1,500 ರೂಪಾಯಿ ದಂಡ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವೋ ಆಸ್ತಿಗೆ ನಷ್ಟವೋ ಆದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ದೋಷ ಗೊತ್ತಿದ್ದರೆ ಮಾತ್ರ ತಪ್ಪು ಎಂದು ಅದು ಹೇಳುವುದಿಲ್ಲ. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವೂ ಸೇರುತ್ತದೆ. ಹಾಗಾಗಿ “ನನಗೆ ಗೊತ್ತಿರಲಿಲ್ಲ ಸ್ವಾಮಿ” ಎನ್ನುವುದು ಉತ್ತರವಾಗುವುದಿಲ್ಲ. ‘ಟಕ್ ಟಕ್’ ಸದ್ದು ಬೀದಿಗೆಲ್ಲ ಕೇಳಿದ ಮೇಲೆ ಗೊತ್ತಿರಲಿಲ್ಲ ಎಂದರೆ ನಂಬುವವರು ಯಾರು?

ಎಫ್.ಸಿ. ಎಂಬ ಹಬ್ಬ

“ಎಫ್.ಸಿ. ಆಗಿದೆಯಲ್ಲ” ಎಂಬುದು ಇನ್ನೊಂದು ಸಮಾಧಾನ. ನಿಯಮದಂತೆ ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಆಗಬೇಕು. ಹರಿದ ರಬ್ಬರ್ ಟೋಪಿಗೆ ಒಂದು ಮಳೆಗಾಲ ಸಾಕು. ಅಂದಮೇಲೆ ಎರಡು ವರ್ಷದ ಪತ್ರ ಯಾವ ಧೈರ್ಯ ಕೊಡುತ್ತದೆ? ಎಫ್.ಸಿ. ಹತ್ತಿರ ಬಂದಾಗ ಗಾಡಿಗೆ ಬಣ್ಣ, ಹಿಂದೆ ಹೊಳೆಯುವ ಪಟ್ಟಿ, ಬೇರೆ ಗಾಡಿಯಿಂದ ಎರವಲು ತಂದ ಟೈರು. ಮಾರನೇ ದಿನ ಎರವಲು ವಾಪಸ್. ಬಣ್ಣದ ಕೆಳಗಿರುವ ಕೀಲು ನೋಡಬೇಕಾದರೆ ಗಾಡಿ ಎತ್ತಬೇಕು, ಬಗ್ಗಬೇಕು, ಕೈ ಕೊಳೆ ಮಾಡಿಕೊಳ್ಳಬೇಕು. ಅಷ್ಟು ಮಾಡದೆ ಕೊಟ್ಟ ಪತ್ರ ಬರೀ ಕಾಗದ.

ಸರ್ಕಾರದ ಬೇರೆ ಇಲಾಖೆಗಳೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ. ಬಣ್ಣವಿಲ್ಲದ, ಬೋರ್ಡಿಲ್ಲದ, ಮನಸ್ಸಿಗೆ ಬಂದಷ್ಟು ಎತ್ತರದ ಹಂಪುಗಳು, ಪೈಪು ಹಾಕಲು ಅಗೆದು ಮಣ್ಣು ಮುಚ್ಚಿ ಬಿಟ್ಟ ರಸ್ತೆಗಳು ಗಾಡಿಯ ಕೀಲನ್ನು ದಿನಾ ಕುಟ್ಟುತ್ತವೆ. ರಸ್ತೆ ತೆರಿಗೆ ಕಟ್ಟಿದವನ ಗಾಡಿಯನ್ನು ರಸ್ತೆಯೇ ತಿನ್ನುತ್ತದೆ ಎಂದರೆ ಅವನು ಬೇಸರ ಪಡುವುದರಲ್ಲಿ ತಪ್ಪೇನಿದೆ?

ಆಗಬೇಕಾದದ್ದು ಬಹಳ ದೊಡ್ಡದೇನಲ್ಲ. ಯಾರ್ಡಿನ ಒಂದು ಮೂಲೆಯಲ್ಲಿ ಗಾಡಿ ಕೆಳಗೆ ಇಳಿದು ನೋಡುವಂಥ ಒಂದು ಗುಂಡಿ, ಸೀಜನ್ ಶುರುವಾಗುವ ಮುಂಚೆ ಎರಡು ದಿನ ಪುಕ್ಕಟೆ ತಪಾಸಣೆ. ಮಾರುಕಟ್ಟೆ ಸಮಿತಿ, ಮಂಡಿ ಮಾಲೀಕರು, ಸಾರಿಗೆ ಇಲಾಖೆ, ಊರಿನ ನಾಲ್ಕು ಜನ ಮೆಕ್ಯಾನಿಕ್ಕುಗಳು ಸೇರಿದರೆ ಆಗಿಹೋಗುವ ಕೆಲಸ. ದಂಡ ಹಾಕುವ ದಿನ ಅಲ್ಲ, ತೋರಿಸುವ ದಿನ. ದೋಷ ಕಂಡ ಗಾಡಿಗೆ ಸರಿಪಡಿಸಲು ಒಂದು ವಾರ ಕೊಡಲಿ, ಸರಿಯಾಗುವವರೆಗೆ ಅದಕ್ಕೆ ಯಾರೂ ಲೋಡು ಹಾಕದಿರಲಿ. ಹೊರಡುವ ಗಾಡಿಗೆ ತೂಕದ ಚೀಟಿ ಕಡ್ಡಾಯವಾಗಲಿ.

ಅದಕ್ಕೂ ಮುಂಚೆ ಪ್ರತಿ ಅಂಗಡಿಯವನೂ ಇವತ್ತೇ ಮಾಡಬಹುದಾದದ್ದು ಒಂದಿದೆ. ಬಾಡಿಗೆ ಚೌಕಾಸಿ ಮಾಡುವ ಬಾಯಲ್ಲೇ “ಸ್ಟೇರಿಂಗು ಎಷ್ಟು ಆಡ್ತದಪ್ಪ? ಬುಷ್ಷು ಯಾವಾಗ ಹಾಕ್ಸಿದ್ದು?” ಎಂದು ಕೇಳುವುದು. ನೂರು ರೂಪಾಯಿ ಕಡಿಮೆಗೆ ಬರುವ ಗಾಡಿ ಆ ನೂರನ್ನು ಎಲ್ಲಿ ಉಳಿಸಿದೆ ಎಂದು ಯೋಚಿಸುವುದು. ಸಾಲದ ಕಂತು, ಡೀಸೆಲ್ಲು, ಮನೆ ಖರ್ಚು ಎಲ್ಲ ಕಳೆದ ಮೇಲೆ ಡ್ರೈವರನ ಕೈಗೆ ಉಳಿಯುವುದು ಎಷ್ಟು ಎಂಬುದು ವ್ಯಾಪಾರ ಮಾಡುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಡಿಗೆಯನ್ನು ಪಾತಾಳಕ್ಕೆ ಇಳಿಸಿ, ಗಾಡಿ ಮಾತ್ರ ಮೇಲಿರಲಿ ಎಂದರೆ ಹೇಗೆ?

ಸಂಜೆ ಬಂಗಾರಪೇಟೆ ರಸ್ತೆಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಪ್ರಯಾಣಿಕನಿಗೆ ಎದುರಿನಿಂದ ಎರಡು ದೀಪ ಕಾಣುತ್ತವೆ. ಅವು ತಮ್ಮ ಪಕ್ಕದಲ್ಲೇ ಉಳಿಯುತ್ತವೆ ಎಂಬ ನಂಬಿಕೆಯಲ್ಲೇ ಅವನು ಕಣ್ಣು ಮುಚ್ಚಿ ತೂಕಡಿಸುತ್ತಾನೆ. ಆ ನಂಬಿಕೆ ನಿಂತಿರುವುದು ಒಂದು ಹಿಡಿಯಷ್ಟಿರುವ ಕಬ್ಬಿಣದ ಗುಂಡಿನ ಮೇಲೆ, ಅದರ ಬಾಯಿಗೆ ಹಾಕಿದ ಒಂದು ಚೂರು ಪಿನ್ನಿನ ಮೇಲೆ. ಅದು ಕಿತ್ತು ಹೋದ ಮೇಲೆ ಪೊಲೀಸು, ಪಂಚನಾಮೆ, ಪರಿಹಾರ ಎಲ್ಲ ಬರುತ್ತವೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು?

ಸೀಜನ್ ಮುಂದಿನ ವರ್ಷವೂ ಬರುತ್ತದೆ. ಲೋಡು ಹೊತ್ತು ಹೋದ ಹುಡುಗ ಇವತ್ತು ರಾತ್ರಿ ಮನೆಗೆ ಬರಬೇಕು.